ಕೂಗಳತೆ ದೂರ: ‘ಕೂಗು’ ಅನ್ನೋ ಪದದ ಹಿಂದೆ ಹೋದಾಗ

(ನಮ್ಮ ಚಾನೆಲ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿದೆ.)

ಮೊದಲೇ ಹೇಳಿಬಿಡ್ತೀನಿ, ನಾನು ಭಾಷಾಶಾಸ್ತ್ರ ಓದಿದವನಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಊರು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಕೆಲಸ ಅಂತ ಮೊದಲು ಚೆನ್ನೈ, ಆಮೇಲೆ ಪುಣೆ, ಈಗ ಒಂಬತ್ತು ವರ್ಷದಿಂದ ಹೈದರಾಬಾದ್. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ. ಆ ಪದ ‘ಕೂಗು’. ಯಾಕೆ ಇದೇ ಪದ ಅನ್ನೋದು ಮಧ್ಯದಲ್ಲಿ ಗೊತ್ತಾಗುತ್ತೆ.

ಶುರು ಮಾಡೋದು ಕುಕ್ಕರ್‌ನಿಂದ. ಚೆನ್ನೈಗೆ ಹೋದ ಹೊಸದರಲ್ಲಿ ಹೋಟೆಲ್ ಊಟ ಸಾಕಾಗಿ, ನಾವು ಮೂರು ಜನ ಸೇರಿ ಕುಕ್ಕರ್ ತಗೊಂಡ್ವಿ. ನಾನು ಅಮ್ಮನಿಗೆ ಫೋನ್ ಮಾಡಿ ಬೇಳೆ ಎಷ್ಟು ಹೊತ್ತು ಬೇಯಬೇಕು ಅಂತ ಕೇಳಿದೆ. ಅಮ್ಮ ಹೇಳಿದ್ಲು, “ಮೂರು ಕೂಗು ಕೂಗ್ಲಿ, ಆಮೇಲೆ ಆರಿಸು.” ಪಕ್ಕದಲ್ಲಿದ್ದ ಪಟ್ನಾದ ಹುಡುಗ ‘ತೀನ್ ಸೀಟಿ’ ಅಂದ. ಮಧುರೈ ಹುಡುಗ ‘ಮೂಣು ವಿಸಿಲ್’ ಅಂದ. ಅವರಿಬ್ಬರ ಕುಕ್ಕರ್ ಬರೀ ಸೀಟಿ ಹೊಡೀತಿತ್ತು. ನಮ್ಮಮ್ಮನ ಕುಕ್ಕರ್ ಮಾತ್ರ ಕೂಗ್ತಿತ್ತು. ಆಗ ನಕ್ಕು ಸುಮ್ಮನಾದೆ. ಈಗ ಯೋಚನೆ ಮಾಡಿದ್ರೆ ಅಮ್ಮ ಹೇಳಿದ್ದು ಸರಿಯಾಗೇ ಇದೆ. ಕುಕ್ಕರ್ ನಮ್ಮನ್ನ ಕರೀತಿದೆ. “ಬಾ, ಬಂದು ಆರಿಸು” ಅಂತಿದೆ.

ಯಾರು ಯಾರು ಕೂಗ್ತಾರೆ?

ಕನ್ನಡದಲ್ಲಿ ಏನೇನು ಕೂಗುತ್ತೆ ಅಂತ ಒಂದು ಪಟ್ಟಿ ಮಾಡಿ ನೋಡಿ. ಕೋಳಿ ಕೂಗುತ್ತೆ. ಕೋಗಿಲೆ ಕೂಗುತ್ತೆ. ರೈಲು ಕೂಗುತ್ತೆ. ಮಂಡಿಯಲ್ಲಿ ಹರಾಜು ಕೂಗ್ತಾರೆ. ಪತ್ರಿಕೆಯಲ್ಲಿ ‘ಪ್ರತ್ಯೇಕ ತಾಲ್ಲೂಕಿನ ಕೂಗು’ ಅಂತ ಹೆಡ್ಡಿಂಗ್ ಬರುತ್ತೆ, ಅಲ್ಲಿ ಕೂಗು ಅಂದ್ರೆ ಬೇಡಿಕೆ. ಇನ್ನು ಕೂಗುಮಾರಿ. ರಾತ್ರಿ ಹೊತ್ತು ಬಾಗಿಲ ಹೊರಗೆ ನಿಂತು, ನಮ್ಮವರದ್ದೇ ಧ್ವನಿಯಲ್ಲಿ ನಮ್ಮ ಹೆಸರು ಹಿಡಿದು ಕೂಗೋ ಮಾರಿ. ಓಗೊಟ್ರೆ ಮುಗೀತು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರೋದನ್ನ ನಿಮ್ಮಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗ ನೋಡಿರ್ತೀರಿ.

ಗಂಟಲಿಂದ ಜೋರು ಸದ್ದು ಹೊರಡಿಸೋಕೆ ಕನ್ನಡದಲ್ಲಿ ಪದಗಳಿಗೇನು ಬರ ಇಲ್ಲ. ಅರಚು, ಕಿರುಚು, ಚೀರು. ಮಂಗಳೂರು ಕಡೆ ಬೊಬ್ಬೆ ಹೊಡೀತಾರೆ. ಪುಣೆಯಲ್ಲಿ ನನ್ನ ಜೊತೆ ಇದ್ದ ಹುಬ್ಬಳ್ಳಿ ಗೆಳೆಯ “ಯಾಕಲೇ ಹಂಗ್ ಒದರ್ತಿ?” ಅಂತಿದ್ದ. ಇವೆಲ್ಲಾ ಜೋರು ಧ್ವನಿಗಳೇ. ಆದ್ರೆ ಕೂಗಿಗೂ ಇವಕ್ಕೂ ಒಂದು ವ್ಯತ್ಯಾಸ ಇದೆ, ಅದು ವ್ಯಾಕರಣದಲ್ಲೇ ಕಾಣುತ್ತೆ. ‘ಅವನನ್ನ ಕೂಗು’ ಅಂತ ಹೇಳಬಹುದು. ‘ಅವನನ್ನ ಅರಚು’ ಅನ್ನೋಕಾಗಲ್ಲ, ‘ಅವನನ್ನ ಕಿರುಚು’ ಅನ್ನೋಕೂ ಆಗಲ್ಲ. ಅರಚೋದಾದ್ರೆ ಅವನ ಮೇಲೆ ಅರಚಬೇಕು. ಕೂಗೋದು ಮಾತ್ರ ಅವನನ್ನೇ. ಅಂದ್ರೆ ನಮ್ಮ ಕಡೆ ಕೂಗು ಅಂದ್ರೆ ಕರೆಯೋದೂ ಹೌದು. ಆ ತುದಿಯಲ್ಲಿ ಕೇಳಿಸಿಕೊಳ್ಳೋಕೆ ಒಬ್ಬರು ಇದ್ದಾರೆ ಅನ್ನೋ ನಂಬಿಕೆ ಆ ಪದದ ಒಳಗೇ ಕೂತಿದೆ.

ಅದೇ ಪದಕ್ಕೆ ‘ಆಡು’ ಸೇರಿಸಿ. ಕೂಗಾಡು, ಕೂಗಾಟ. ತಕ್ಷಣ ಅರ್ಥ ಕೆಡುತ್ತೆ. ಕರೆಯೋ ಕೂಗು ಹೋಗಿ ಗಲಾಟೆ ಆಗುತ್ತೆ. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಈಗ ನನ್ನ ಮನೆ ವಿಷಯಕ್ಕೆ ಬರ್ತೀನಿ.

ಅಮ್ಮನ ಕೂಗು

ನಮ್ಮೂರಲ್ಲಿ ಮನೆಗೂ ತೆಂಗಿನ ತೋಟಕ್ಕೂ ಮಧ್ಯೆ ಒಂದು ಹೊಲ, ಒಂದು ಹಳ್ಳ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋದ್ರೆ ಊಟಕ್ಕೆ ಕರೀಬೇಕಾದವಳು ಅಮ್ಮ. ಗಂಡನ ಹೆಸರು ಹೇಳೋ ಹಾಗಿಲ್ಲ. ಅದಕ್ಕೇ ಹಿತ್ತಲಲ್ಲಿ ನಿಂತು ನನ್ನ ಹೆಸರು ಕೂಗ್ತಿದ್ಲು. “ಮಂಜೂ…” ಕೊನೆಯ ‘ಊ’ ಹೊಲ ದಾಟಿ, ಹಳ್ಳ ದಾಟಿ ತೋಟಕ್ಕೆ ಹೋಗ್ತಿತ್ತು. ನಾನು ಅವಳ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡ್ತಿದ್ರೂ ನನ್ನ ಹೆಸರೇ. ತೋಟದಿಂದ ಅಪ್ಪ “ಓ…” ಅಂತಿದ್ರು. ಅಷ್ಟೇ, ಮಾತುಕತೆ ಮುಗೀತು. ಹತ್ತು ನಿಮಿಷಕ್ಕೆ ಕೈಕಾಲು ತೊಳ್ಕೊಂಡು ಮನೆಯೊಳಗೆ ಬರ್ತಿದ್ರು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನ ಹೈದರಾಬಾದಿಗೆ ಕರ್ಕೊಂಡು ಬಂದೆ. ಹನ್ನೊಂದನೇ ಮಹಡಿ. ಮಗ ಸಂಜೆ ಕೆಳಗೆ ಆಡೋಕೆ ಹೋದ್ರೆ ಅಮ್ಮ ಬಾಲ್ಕನಿಯಲ್ಲಿ ನಿಂತು ಅವನ ಹೆಸರು ಕೂಗೋಕೆ ಶುರು ಮಾಡಿದ್ಲು. ಅದೇ ಧ್ವನಿ, ಹೊಲ ದಾಟ್ತಿದ್ದ ಧ್ವನಿ. ಮೂರನೇ ದಿನಕ್ಕೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಮೆಸೇಜ್ ಬಂತು. ‘ಬಾಲ್ಕನಿಯಿಂದ ಕಿರುಚಬೇಡಿ, ಇಂಟರ್‌ಕಾಮ್ ಬಳಸಿ.’ ನನಗೆ ಅವಮಾನ ಆಯ್ತು. ಮೆಸೇಜ್ ಹಾಕಿದವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಅಮ್ಮನ ಮೇಲೆ. “ಇದೇನು ಹಳ್ಳೀನಾ? ಕೂಗಾಡಬೇಡಮ್ಮ” ಅಂದೆ. ಆಮೇಲೆ ಮನೆಯಿಂದ ಕೆಲಸ ಶುರುವಾದಾಗ ಇನ್ನೊಂದು ಮಾತು ಸೇರಿಸಿದೆ. “ಬಾಗಿಲು ಹಾಕಿದ್ರೆ ಮೀಟಿಂಗಲ್ಲಿ ಇದ್ದೀನಿ ಅಂತ. ಆಗ ಕೂಗಬೇಡ.”

ಅಮ್ಮ ಏನೂ ಅನ್ನಲಿಲ್ಲ. ಕೂಗೋದು ನಿಲ್ಲಿಸಿದ್ಲು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ. ಹೆಂಡತಿ ಆಫೀಸಲ್ಲಿ, ಮಗ ಸ್ಕೂಲಲ್ಲಿ. ನಾನು ಕೋಣೆ ಬಾಗಿಲು ಹಾಕಿ, ಹೊರಗಿನ ಸದ್ದು ಕೇಳಿಸದ ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗಲ್ಲಿದ್ದೆ. ಮುಗಿಸಿ ಹೊರಗೆ ಬಂದಾಗ ಬಚ್ಚಲುಮನೆ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಜಾರಿ ಬಿದ್ದು ಗೋಡೆಗೆ ಒರಗಿ ಕೂತಿದ್ಲು. ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಬಿದ್ದು ಅರ್ಧ ಗಂಟೆಯ ಮೇಲಾಗಿತ್ತು.

“ಯಾಕಮ್ಮ ಕೂಗಲಿಲ್ಲ?” ಅಂದೆ.

“ಬಾಗಿಲು ಹಾಕಿತ್ತಲ್ಲೋ. ಮೀಟಿಂಗ್ ಇದ್ದಾಗ ಕೂಗಬೇಡ ಅಂದಿದ್ಯಲ್ಲ. ಎರಡು ಸಲ ಮೆಲ್ಲಗೆ ಕರೆದೆ ಕಣೋ.”

ಅವಳು ಅದನ್ನ ದೂರು ಹೇಳೋ ಹಾಗೆ ಹೇಳಲಿಲ್ಲ. ನಾನು ಹೇಳಿದ ನಿಯಮವನ್ನ ನನಗೇ ನೆನಪಿಸಿದ್ಲು, ಅಷ್ಟೇ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ, ಆಮೇಲೆ ವಾಸಿಯಾಯ್ತು. ನನ್ನ ಪ್ರಶ್ನೆ ಮಾತ್ರ ವಾಸಿಯಾಗಲಿಲ್ಲ. ನಮ್ಮಿಬ್ಬರ ಮಧ್ಯೆ ಇದ್ದದ್ದು ಹದಿನೈದು ಅಡಿ.

ಅವತ್ತು ಸಂಜೆ ಪಕ್ಕದ ಮನೆ ತೆಲುಗು ಅಜ್ಜಿ ನೋಡೋಕೆ ಬಂದ್ರು. ಅಮ್ಮನ ಕೈ ಹಿಡ್ಕೊಂಡು, ನನ್ನನ್ನ ಕರೆಯಬಾರದಿತ್ತಾ ಅಂತ ಕೇಳಿ, ಒಂದು ಮಾತು ಹೇಳಿದ್ರು. “ಕೂತವೇಟು ದೂರಂಲೋನೇ ಉನ್ನಾನು ಕದಾ!” ಅಮ್ಮನಿಗೆ ತೆಲುಗು ಬರಲ್ಲ. ಆದ್ರೂ ತಲೆ ಆಡಿಸಿದ್ಲು. “ಹೂಂ, ಕೂಗಳತೆ ದೂರ” ಅಂದ್ಲು.

ಅವತ್ತಿಂದ ಈ ಪದದ ಹಿಂದೆ ಬಿದ್ದೆ.

‘ಕೂ’ ಅನ್ನೋ ಬೇರು

ಕೂಗು ಎಲ್ಲಿಂದ ಬಂತು? ಉತ್ತರ ಬಹಳ ಸರಳ. ‘ಕೂ’ ಅನ್ನೋ ಸದ್ದಿನಿಂದ. ಮಲೆನಾಡಲ್ಲಿ ಗುಡ್ಡದ ಆ ಬದಿಯವರಿಗೆ ಗೊತ್ತಾಗಲಿ ಅಂತ ಬಾಯಿಗೆ ಕೈ ಅಡ್ಡ ಹಿಡಿದು ‘ಕೂ…’ ಅಂತಾರಲ್ಲ, ಅದೇ. ಆ ಸದ್ದಿಗೆ ಕನ್ನಡ ‘ಗು’ ಅಂತ ಬಾಲ ಸೇರಿಸಿ ಕ್ರಿಯಾಪದ ಮಾಡಿಕೊಂಡಿತು. ತಮಿಳು ‘ವು’ ಸೇರಿಸಿತು, ‘ಕೂವು’ ಆಯ್ತು. ತೆಲುಗು ‘ಯು’ ಸೇರಿಸಿತು, ‘ಕೂಯು’ ಆಯ್ತು. ಅದರ ನಾಮಪದ ‘ಕೂತ’. ಬರೋ ಮತ್ತು ಎಮೆನೋ ಅನ್ನೋ ಇಬ್ಬರು ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ತಂದ್ರು. 1984ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಅದರಲ್ಲಿ ಈ ಪದಗಳೆಲ್ಲಾ ಒಂದೇ ಗುಂಪಲ್ಲಿ, ಒಂದೇ ಮನೆಯವರ ಹಾಗೆ ಕೂತಿವೆ.

ಕೋಳಿಯನ್ನೇ ತಗೊಳ್ಳಿ. ನಮ್ಮಲ್ಲಿ ಕೋಳಿ ಕೂಗಿತು. ಚೆನ್ನೈಯಲ್ಲಿ ಸೇವಲ್ ಕೂವುದು. ಹೈದರಾಬಾದಲ್ಲಿ ಕೋಡಿ ಕೂಸಿಂದಿ. ಮೂರೂ ಊರಲ್ಲಿ ಬೆಳಗಾಗೋದು ಒಂದೇ ಪದದಿಂದ.

ಆದ್ರೆ ಮನುಷ್ಯರ ವಿಷಯಕ್ಕೆ ಬಂದಾಗ ಮೂರು ಭಾಷೆ ಮೂರು ದಾರಿ ಹಿಡಿದಿವೆ. ತಮಿಳಲ್ಲಿ ‘ಕೂವು’ ಹೆಚ್ಚಾಗಿ ಹಕ್ಕಿಗಳಿಗೆ. ಮನುಷ್ಯರನ್ನ ಕರೆಯೋಕೆ ಅದೇ ‘ಕೂ’ ಇಂದ ಬೆಳೆದ ‘ಕೂಪ್ಪಿಡು’ ಇದೆ. ಚೆನ್ನೈಯಲ್ಲಿ ಇದ್ದವರಿಗೆ ಗೊತ್ತು, ಫೋನ್ ಎತ್ತಿ “ಅಪ್ರಮ್ ಕೂಪ್ಪಿಡ್ರೇನ್” ಅಂತಾರೆ, ಆಮೇಲೆ ಮಾಡ್ತೀನಿ ಅಂತ. ತೆಲುಗಿನಲ್ಲಿ ಕರೆಯೋಕೆ ‘ಪಿಲುಚು’ ಅನ್ನೋ ಬೇರೆ ಪದವೇ ಇದೆ. ‘ಕೂಯು’ ಅನ್ನೋದನ್ನ ಮನುಷ್ಯರಿಗೆ ಹೇಳಿದ್ರೆ ಬೈಗುಳ.

ಇದನ್ನ ನಾನು ಪುಸ್ತಕದಿಂದ ಕಲೀಲಿಲ್ಲ. ಹೈದರಾಬಾದಿಗೆ ಬಂದ ಮೊದಲ ವರ್ಷ, ಮ್ಯಾನೇಜರ್ ಕೂಗ್ತಿದ್ದಾರೆ ಅನ್ನೋದನ್ನ ನನಗೆ ತೋಚಿದ ತೆಲುಗಿಗೆ ತಿರುಗಿಸಿ, “ಸಾರ್ ಕೂಸ್ತುನ್ನಾರು” ಅಂತ ಟೀಮಿನವರಿಗೆ ಹೇಳಿಬಿಟ್ಟೆ. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಇಡೀ ಸಾಲು ನಕ್ಕಿತು. ‘ಸಾಹೇಬರು ಏನೋ ಬಡಬಡಿಸ್ತಿದ್ದಾರೆ’ ಅನ್ನೋ ಥರ ಕೇಳಿಸಿತ್ತಂತೆ. ಒಬ್ಬ ಗೆಳೆಯ ಪಕ್ಕಕ್ಕೆ ಕರೆದು, “ಪಿಲುಸ್ತುನ್ನಾರು ಅನು ಮಾರಾಯ” ಅನ್ನೋ ಅರ್ಥದಲ್ಲಿ ತಿದ್ದಿದ.

ನಮ್ಮ ಕಡೆ ಕನ್ನಡ ಈ ಭೇದ ಮಾಡಲಿಲ್ಲ. ಕೋಳಿಗೂ ಅದೇ ಪದ, ಅಮ್ಮನಿಗೂ ಅದೇ ಪದ, ಕುಕ್ಕರ್‌ಗೂ ಅದೇ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ ‘ಕೂಗು’ ಅನ್ನೋ ಒಂದೇ ಪದದ ಅಡಿಯಲ್ಲಿ ಹಕ್ಕಿಯೂ ಮನುಷ್ಯನೂ ಇದ್ದಾರೆ.

ಇದರ ಜೊತೆಗೇ ‘ಕರೆ’ ಅನ್ನೋ ಪದವನ್ನೂ ನೋಡಿ. ನಮಗೆ ಕರೆ ಅಂದ್ರೆ ಆಹ್ವಾನ. ತಮಿಳಲ್ಲಿ ‘ಕರೈ’ ಅಂದ್ರೆ ಕಾಗೆ ಕಾ ಕಾ ಅನ್ನೋದು. ಮಲಯಾಳಂನಲ್ಲಿ ‘ಕರಯುಗ’ ಅಂದ್ರೆ ಅಳೋದು. ಕೇರಳದವರು ಮಗುವಿಗೆ “ಕರಯಲ್ಲೇ” ಅಂದ್ರೆ ಅಳಬೇಡ ಅಂತ, ಕರೀಬೇಡ ಅಂತಲ್ಲ. ಒಂದೇ ಬೇರಿನಿಂದ ಒಂದು ಕಡೆ ಕರೆಯೋದು, ಇನ್ನೊಂದು ಕಡೆ ಅಳೋದು. ಎಳೆ ಮಗುವಿನ ವಿಷಯದಲ್ಲಿ ಎರಡೂ ಒಂದೇ ತಾನೇ?

ಧ್ವನಿಯಿಂದ ದೂರ ಅಳೆದವರು

ಈಗ ತೆಲುಗು ಅಜ್ಜಿಯ ಮಾತಿಗೆ ವಾಪಸ್ ಬರೋಣ. ಕೂತವೇಟು. ಕೂತ ಅಂದ್ರೆ ಕೂಗು, ವೇಟು ಅಂದ್ರೆ ಏಟು, ಎಸೆತ. ಕೂಗು ಎಸೆದ್ರೆ ಹೋಗಿ ಬೀಳೋ ದೂರ. ನಮ್ಮದು ಕೂಗು ಮತ್ತು ಅಳತೆ ಸೇರಿ ಲೋಪ ಸಂಧಿಯಾಗಿ ಕೂಗಳತೆ. ತಮಿಳರದ್ದು ‘ಕೂಪ್ಪಿಡು ತೂರಂ’. ಮೂರೂ ಒಂದೇ ಬೇರು, ಒಂದೇ ಲೆಕ್ಕ.

ಬೇರು ಬೇರೆ ಆದ್ರೂ ಲೆಕ್ಕ ಒಂದೇ ಇರೋ ಭಾಷೆಗಳೂ ಇವೆ. ಮಲಯಾಳಂನಲ್ಲಿ ‘ವಿಳಿಪ್ಪಾಡಗಲೆ’ ಅಂತಾರೆ, ‘ವಿಳಿ’ ಅಂದ್ರೆ ಕರೆ. ಪುಣೆ, ಮುಂಬೈಯವರು ದಿನಾ ಕೇಳಿರ್ತೀರಿ, ಮರಾಠಿಯಲ್ಲಿ ‘ಹಾಕೇಚ್ಯಾ ಅಂತರಾವರ್’. ‘ಹಾಕ್’ ಅಂದ್ರೆ ಕೂಗು. ಪುಣೆಯಲ್ಲಿ ಮನೆ ಬಾಡಿಗೆಗೆ ಹುಡುಕುವಾಗ ಬ್ರೋಕರ್ ಈ ಮಾತನ್ನ ನೂರು ಸಲ ಹೇಳಿದ್ದ. ಸ್ಟೇಷನ್ನು ‘ಹಾಕೇಚ್ಯಾ ಅಂತರಾವರ್’ ಅಂದಿದ್ದ. ಹೋಗಿ ನೋಡಿದ್ರೆ ಆಟೋಗೆ ಐವತ್ತು ರೂಪಾಯಿ.

ದೆಹಲಿಯಲ್ಲಿ ಇರೋರಿಗೆ ಇನ್ನೊಂದು ಇದೆ. ಹಿಂದಿಯ ‘ಕೋಸ್’. ಇದು ಸಂಸ್ಕೃತದ ‘ಕ್ರೋಶ’ದಿಂದ ಬಂದದ್ದು, ಕ್ರೋಶ ಅಂದ್ರೆ ಮೂಲದಲ್ಲಿ ಕೂಗು. ಕೂಗು ಕೇಳಿಸೋ ದೂರ ಅನ್ನೋದೇ ಅಳತೆಯ ಹೆಸರಾಯ್ತು. ಮೊಘಲರ ಕಾಲದಲ್ಲಿ ಹೆದ್ದಾರಿಗಳ ಪಕ್ಕದಲ್ಲಿ ಕೋಸಿಗೊಂದು ಕಂಬ ಕಟ್ಟಿಸಿದ್ರು, ಅವೇ ಕೋಸ್ ಮಿನಾರ್‌ಗಳು. ದೆಹಲಿ ಮೃಗಾಲಯದ ಒಳಗೇ ಒಂದು ನಿಂತಿದೆ. ಮುಂದಿನ ಸಲ ಮಕ್ಕಳನ್ನ ಹುಲಿ ತೋರಿಸೋಕೆ ಕರ್ಕೊಂಡು ಹೋದಾಗ ಅದನ್ನೂ ತೋರಿಸಿ. ಆ ಹೊತ್ತಿಗೆ ಕೋಸ್ ಅಂದ್ರೆ ಸುಮಾರು ಮೂರು ಕಿಲೋಮೀಟರ್. ಯಾರ ಕೂಗೂ ಅಷ್ಟು ದೂರ ಹೋಗಲ್ಲ. ಅಳತೆ ಸರ್ಕಾರದ್ದಾದಾಗ ಕೂಗು ಕಳೆದುಹೋಯ್ತು, ಹೆಸರು ಮಾತ್ರ ಉಳೀತು.

ಅದೇ ಬೇರಿನ ಇನ್ನೊಂದು ಪದ ನಮ್ಮ ಪತ್ರಿಕೆಗಳಲ್ಲಿ ದಿನಾ ಬರುತ್ತೆ. ‘ಆಕ್ರೋಶ’. ಇವತ್ತು ಆಕ್ರೋಶ ಅಂದ್ರೆ ಸಿಟ್ಟು, ಆದ್ರೆ ಅದರ ಒಳಗೆ ಇರೋದು ಧ್ವನಿ. ಕೂಗಾಡು ಅಂದಾಗ ನಮ್ಮ ಕೂಗಿಗೆ ಏನಾಯ್ತೋ ಅದೇ ಅಲ್ಲೂ ಆಗಿದೆ.

ಇನ್ನೂ ಹಳೆಯದು ಬೇಕಾ? ಕೌಟಿಲ್ಯನ ಅರ್ಥಶಾಸ್ತ್ರದ ಅಳತೆಗಳಲ್ಲಿ ‘ಗೋರುತ’ ಅಂತ ಒಂದಿದೆ. ಗೋವಿನ ಕೂಗು, ಹಸು ಅಂಬಾ ಅಂದ್ರೆ ಕೇಳಿಸೋವಷ್ಟು ದೂರ. ನಾಲ್ಕು ಗೋರುತ ಸೇರಿದ್ರೆ ಒಂದು ಯೋಜನ. ಆ ಗ್ರಂಥ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಲ್ಲೇ. ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ಮಧ್ಯೆ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕಿತು, 1909ರಲ್ಲಿ ಅಚ್ಚಾಯ್ತು.

ಒಂದು ಎಚ್ಚರಿಕೆ. ಸದ್ದು ಹೋಲುತ್ತೆ ಅಂದ ಮಾತ್ರಕ್ಕೆ ಸಂಬಂಧ ಕಟ್ಟಬೇಡಿ. ಸಂಸ್ಕೃತದ ಕ್ರೋಶಕ್ಕೂ ನಮ್ಮ ಕೂಗಿಗೂ ನೆಂಟಸ್ತನ ಇಲ್ಲ. ಸಿಡ್ನಿಯಲ್ಲಿರೋ ಗೆಳೆಯರು ‘ಕೂಯಿ’ ಅನ್ನೋ ಪದ ಕೇಳಿರ್ತೀರಿ. ಸಿಡ್ನಿ ಸುತ್ತಮುತ್ತ ಇದ್ದ ಧರುಗ್ ಅನ್ನೋ ಮೂಲನಿವಾಸಿಗಳ ಭಾಷೆಯದ್ದು, ಕಾಡಲ್ಲಿ ದೂರದವರನ್ನ ಕರೆಯೋ ಕೂಗು. ಆಸ್ಟ್ರೇಲಿಯಾದವರೂ ಹತ್ತಿರ ಅನ್ನೋಕೆ ‘ಕೂಯಿ ಕೇಳಿಸೋ ದೂರ’ ಅಂತಾರೆ. ಅದಕ್ಕೂ ಕನ್ನಡಕ್ಕೂ ಸಂಬಂಧ ಇಲ್ಲ. ಮನುಷ್ಯರ ಗಂಟಲು ಮಾತ್ರ ಎಲ್ಲಾ ಕಡೆ ಒಂದೇ.

ದೂರ ಹೋಗೋದು ಸ್ವರ

ಗಂಟಲು ಅಂದೆ. ‘ಕೂ’ ಅಷ್ಟು ದೂರ ಹೋಗೋದಕ್ಕೆ ಒಂದು ಕಾರಣ ಇದೆ. ನಮ್ಮ ಮಾತಲ್ಲಿ ವ್ಯಂಜನಗಳ ಸದ್ದು ಚಿಕ್ಕದು, ಗಳಿಗೆಯದ್ದು. ದೂರ ಹೋದ ಹಾಗೆ ಅವು ಗಾಳಿಯಲ್ಲಿ ಕರಗಿಹೋಗ್ತವೆ. ಸ್ವರಕ್ಕೆ ಶಕ್ತಿ ಜಾಸ್ತಿ, ಎಷ್ಟು ಬೇಕಾದ್ರೂ ಎಳೀಬಹುದು. ತೋಟದಲ್ಲಿದ್ದ ಅಪ್ಪನಿಗೆ ‘ಮಂಜು’ ಕೇಳಿಸ್ತಿರಲಿಲ್ಲ, ‘ಊ’ ಕೇಳಿಸ್ತಿತ್ತು. ಅಪ್ಪನ ಉತ್ತರದಲ್ಲಿ ವ್ಯಂಜನವೇ ಇರಲಿಲ್ಲ, ಬರೀ ‘ಓ’.

ನಮ್ಮ ವ್ಯಾಕರಣದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಹ್ರಸ್ವ, ದೀರ್ಘ, ಪ್ಲುತ ಅಂತ ಕಲಿತದ್ದು ನೆನಪಿದೆಯಾ? ಒಂದು ಮಾತ್ರೆ, ಎರಡು ಮಾತ್ರೆ, ಮೂರು ಮಾತ್ರೆ. ಆ ಪ್ಲುತ ಯಾವುದಕ್ಕೆ ಅಂತ ನಾನು ಪರೀಕ್ಷೆಗೆ ಓದಿದಾಗ ಯೋಚಿಸಿರಲಿಲ್ಲ. ದೂರದವರನ್ನ ಕರೆಯುವಾಗ ಕೊನೆಯ ಸ್ವರ ಮೂರು ಮಾತ್ರೆ ಆಗುತ್ತೆ ಅಂತ ಪಾಣಿನಿಯೇ ನಿಯಮ ಮಾಡಿದ್ದಾನೆ. ಅಷ್ಟೇ ಅಲ್ಲ, ಈ ಮೂರು ಅಳತೆ ತೋರಿಸೋಕೆ ಅವನು ಆರಿಸಿಕೊಂಡದ್ದು ‘ಉ’ ಸ್ವರ. ಅ ಬಿಟ್ಟು ಉ ಯಾಕೆ? ಕೋಳಿ ಕೂಗಿನಲ್ಲಿ ಈ ಮೂರೂ ಅಳತೆ ಸಾಲಾಗಿ ಕೇಳಿಸುತ್ತೆ, ಅದಕ್ಕೇ ಅನ್ನೋ ವಿವರಣೆ ವ್ಯಾಕರಣ ಸಂಪ್ರದಾಯದಲ್ಲಿ ಇದೆ. ಕು, ಕೂ, ಕೂ…

ಅಂದ್ರೆ ನಮ್ಮಮ್ಮ ಬಾಲ್ಕನಿಯಲ್ಲಿ ನಿಂತು ಮಾಡ್ತಿದ್ದದ್ದು ಪ್ಲುತ. ನಾನು ಅದನ್ನ ಕೂಗಾಟ ಅಂದೆ.

ಕೊನೆಗೆ

ಆ ಘಟನೆ ಆದ ಮೇಲೆ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಒತ್ತಿದ್ರೆ ನನ್ನ ಫೋನ್ ಹೊಡ್ಕೊಳ್ಳೋ ಒಂದು ಬಟನ್ ತಂದು ಅಮ್ಮನ ಕೊರಳಿಗೆ ಹಾಕಿದೆ. ಅದು ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡ್ತಿದೆ. ಸ್ನಾನಕ್ಕೆ ಹೋಗುವಾಗ ಕೊರಳಲ್ಲಿ ಇರಲ್ಲ. ಇರಬೇಕಾದದ್ದು ಆಗಲೇ.

ಹಾಗಾಗಿ ಮನೆಯ ನಿಯಮ ಬದಲಾಯಿಸಿದ್ವಿ. ಅಮ್ಮ ಮನೆಯಲ್ಲಿದ್ದಾಗ ನನ್ನ ಕೋಣೆ ಬಾಗಿಲು ಒಂದು ಗೇಣು ತೆರೆದಿರುತ್ತೆ. ಹೆಡ್‌ಫೋನ್ ಒಂದೇ ಕಿವಿಗೆ. ಮೀಟಿಂಗ್ ಮಧ್ಯೆ “ಮಂಜೂ…” ಅಂತ ಕೇಳಿಸಿದ್ರೆ, ಕೇಳಿಸಿಕೊಳ್ಳೋರು ಕೇಳಿಸಿಕೊಳ್ಳಲಿ. ಮೊದಲ ಸಲ ಹಾಗಾದಾಗ ಪುಣೆ ಆಫೀಸಿನ ಹಳೇ ಸಹೋದ್ಯೋಗಿ ಆ ಕಡೆಯಿಂದ, “ಹೋಗು, ಆಯಿ ಕರೀತಿದ್ದಾರೆ” ಅಂದ. ಅವನಿಗೆ ಕನ್ನಡ ಬರಲ್ಲ.

ಅಮ್ಮನಿಗೆ ಮತ್ತೆ ಕೂಗು ಅಂತ ಹೇಳೋದು ಸುಲಭ ಇರಲಿಲ್ಲ. ಒಂದು ಸಲ ನಿಲ್ಲಿಸಿದ ಮೇಲೆ ಧ್ವನಿ ಸಣ್ಣದಾಗಿಬಿಟ್ಟಿದೆ. “ಈಗ ಅಷ್ಟು ಕೂಗೋಕಾಗಲ್ಲ ಕಣೋ” ಅಂತಾಳೆ. ವಯಸ್ಸೂ ಇರಬಹುದು. ಪೂರ್ತಿ ವಯಸ್ಸೇ ಅಂತ ಹೇಳೋ ಧೈರ್ಯ ನನಗಿಲ್ಲ.

ನಾವೆಲ್ಲಾ ಊರು ಬಿಟ್ಟು ಬಂದವರು. ಅಪ್ಪ ಅಮ್ಮ ಊರಲ್ಲಿದ್ರೆ ಆರುನೂರು ಕಿಲೋಮೀಟರ್ ದೂರ, ಅದಕ್ಕೆ ಫೋನ್ ಇದೆ, ವಿಡಿಯೊ ಕಾಲ್ ಇದೆ. ಹತ್ತಿರಕ್ಕೆ ಕರ್ಕೊಂಡು ಬಂದಾಗ ದೂರ ಮುಗೀತು ಅಂದ್ಕೊಳ್ತೀವಿ. ಕೂಗಳತೆ ಅನ್ನೋ ಪದ ಬೇರೆ ಲೆಕ್ಕ ಹೇಳುತ್ತೆ. ಕೂಗಿದ್ರೆ ಸಾಲದು, ಆ ಕಡೆಯಿಂದ ‘ಓ’ ಬಂದ್ರೆ ಮಾತ್ರ ಅದು ಕೂಗಳತೆ. ಅಡಿಗೋಲಲ್ಲಿ ಹದಿನೈದು ಅಡಿ ಇರಬಹುದು.

ನಿಮ್ಮ ಮನೆಯಲ್ಲಿ, ನಿಮ್ಮ ಊರ ಕಡೆ ಕೂಗೋದಕ್ಕೆ ಏನಂತಾರೆ? ಒದರೋದಾ, ಕರಿಯೋದಾ, ಇನ್ನೇನಾದ್ರೂ ಪದ ಇದೆಯಾ? ಬರೆದು ತಿಳಿಸಿ. ಆದ್ರೆ ಅದಕ್ಕೂ ಮೊದಲು, ಪಕ್ಕದ ಕೋಣೆಯಲ್ಲಿ ಯಾರಾದ್ರೂ ಕೂಗ್ತಿದ್ದಾರಾ ಅಂತ ಒಂದು ಸಲ ಇಯರ್‌ಫೋನ್ ತೆಗೆದು ಕೇಳಿಸಿಕೊಳ್ಳಿ.